ಕಾಗೆಕಾಲಿನ ಕೆಳಗಿನ ಗೆರೆ

ಕದಕರಾನವೆಂಬ ಕಡಲತೀರದ ಊರಿನಲ್ಲಿ ಈ ಕಥೆಯನ್ನು ಯಾರೇ ಹೇಳಲಿ, ಬಂದೂಕಿನಿಂದ ಆರಂಭಿಸುವುದಿಲ್ಲ. ದೋಣಿಯ ಹುಟ್ಟಿನಿಂದ, ಆ ಹುಟ್ಟಿನ ಹಿಡಿಯ ಬುಡದಲ್ಲಿ ಕೊರೆದಿರುವ ಮನೆಗುರುತಿನಿಂದ ಆರಂಭಿಸುತ್ತಾರೆ.

ದ್ವೀಪದ ಆ ತೀರದಲ್ಲಿ ಮನೆಗೊಂದು ಗುರುತು. ಬಲೆಯನ್ನು ತೇಲಿಸುವ ಮರದ ಬೆಂಡಿಗೂ ಅದೇ, ಕೊಡಲಿಯ ಕಾವಿಗೂ ಅದೇ, ಬಿಯರು ತುಂಬುವ ಮರದ ಪಾತ್ರೆಗೂ ಅದೇ. ಕುರಿಯ ಕಿವಿಯೂ ಅದರಿಂದ ತಪ್ಪಿಸಿಕೊಂಡಿಲ್ಲ. ಬಿರುಗಾಳಿಯ ಮರುದಿನ ದಡಕ್ಕೆ ಏನೇ ಬಂದು ಬಿದ್ದಿರಲಿ, ಕಂಡವನು ಗುರುತು ನೋಡಿ ಆ ಮನೆಯ ಬೇಲಿಯ ಮೇಲಿಟ್ಟು ಹೋಗುತ್ತಾನೆ. ಕೂಗಿ ಹೇಳುವುದಿಲ್ಲ, ಉಪಕಾರವೆಂದು ಎಣಿಸುವುದೂ ಇಲ್ಲ. ಗುರುತಿನ ವಿಷಯದಲ್ಲಿ ಸುಳ್ಳು ಹೇಳಿದವನೊಬ್ಬನ ಕಥೆಯೂ ಆ ತೀರದಲ್ಲಿ ದೊರೆಯುವುದಿಲ್ಲ, ಇದೊಂದನ್ನು ಬಿಟ್ಟು.

ತೋಮಾ ಮನೆಯ ಗುರುತು ಕಾಗೆಕಾಲು: ಒಂದೇ ಬಿಂದುವಿನಿಂದ ಹೊರಟ ಮೂರು ಗೆರೆ. ಬರಿಯ ಕಾಗೆಕಾಲು ಹಿರಿಯ ಮಗನಿಗೆ ಸಲ್ಲುತ್ತದೆ. ಕಿರಿಯವನು ಬೇರೆ ಒಲೆ ಹೂಡಿದರೆ ಅದರ ಕೆಳಗೆ ಒಂದು ಅಡ್ಡಗೆರೆ ಬೀಳುತ್ತದೆ. ಆ ಕಿರಿಯನಿಗೂ ಕಿರಿಯ ಮಗನಿದ್ದು ಅವನೂ ಬೇರೆಯಾದರೆ ಎರಡನೆಯದು. ಈ ಗೆರೆಯನ್ನು ಕಿರಿಯವನು ತಾನಾಗಿ ಕೊರೆದುಕೊಳ್ಳುವಂತಿಲ್ಲ. ಹಿರಿಯವನು ತನ್ನ ಚೂರಿಯಿಂದ ಕೊರೆದು ಕೊಡಬೇಕು.

ತೋಮಾ ಮನೆಯ ಪ್ರೀದಿಕ್ ತನ್ನ ತಮ್ಮ ತೀಮುಸ್‌ನಿಗೆ ಹಾಗೆ ಕೊರೆದು ಕೊಟ್ಟಿದ್ದ. ಅಪ್ಪ ಮಂಜುಗಡ್ಡೆ ಒಡೆದು ಮುಳುಗಿದಾಗ ತೀಮುಸ್ ಇನ್ನೂ ಮೊಣಕಾಲೆತ್ತರದವನು. ಅವನಿಗೆ ದೋಣಿ ನಡೆಸಲು, ಬಲೆ ಹೆಣೆಯಲು, ಕಡೆಗೆ ಗಡ್ಡ ಹೆರೆಯಲೂ ಕಲಿಸಿದವನು ಅಣ್ಣನೇ. ಈ ಕಥೆ ನಡೆಯುವುದಕ್ಕೆ ಹಿಂದಿನ ಬೇಸಿಗೆಯಲ್ಲಿ ತೀಮುಸ್ ವೀಯುವನ್ನು ಮದುವೆಯಾಗಿ ಕಲ್ಲುಬೇಲಿಯ ಆಚೆ ಹೊಸ ಮನೆ ಕಟ್ಟಿದ ದಿನ, ಪ್ರೀದಿಕ್ ಅವನ ಹೊಸ ಹುಟ್ಟಿನ ಮೇಲೆ ಮೊದಲ ಅಡ್ಡಗೆರೆ ಎಳೆದ. ಎಳೆದವನಿಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ಹಾಲಿನ ಬಕೆಟ್ಟಿಗೆ ಎಳೆದ, ಏಣಿಗೆ ಎಳೆದ, ಬಲೆಯ ಬೆಂಡುಗಳಿಗೆ ಎಳೆದ, ಕೊನೆಗೆ ಗೋಡೆಯ ಮೇಲೆ ತೂಗುಹಾಕಿದ್ದ ಬಂದೂಕನ್ನು ಇಳಿಸಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ.

“ಅದು ಸಂಘದ್ದಲ್ವಾ ಅಣ್ಣ,” ಎಂದು ತೀಮುಸ್ ನಕ್ಕ.

“ಹೊರೋ ಹೆಗಲು ನಿನ್ನದು ತಾನೆ?” ಎಂದ ಪ್ರೀದಿಕ್, ಕಾಗೆಕಾಲಿನ ಕೆಳಗೆ ಆಳವಾಗಿ, ನೇರವಾಗಿ ಗೆರೆ ಎಳೆದ.

ಸಂಘವೆಂದರೆ ರಕ್ಷಣಾ ಸಂಘ. ದೇಶ ಚಿಕ್ಕದು, ಅದರ ಸೈನ್ಯ ಇನ್ನೂ ಚಿಕ್ಕದು. ಆದ್ದರಿಂದ ಊರೂರಿನ ರೈತರು, ಬೆಸ್ತರು, ಶಾಲೆಯ ಮೇಷ್ಟ್ರು ಸಂಬಳವಿಲ್ಲದೆ ಅದರಲ್ಲಿ ಹೆಸರು ಬರೆಸಿಕೊಂಡಿದ್ದರು. ಇಗರ್ಜಿಯ ಗಂಟೆ ಹೊತ್ತಲ್ಲದ ಹೊತ್ತಿನಲ್ಲಿ ಬಡಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಸಭಾಮನೆಯ ಅಂಗಳದಲ್ಲಿ ಕೂಡಬೇಕು; ಅದಕ್ಕೆಂದೇ ಬಂದೂಕು ಪ್ರತಿಯೊಬ್ಬನ ಮನೆಯಲ್ಲೇ ಇರುತ್ತಿತ್ತು. ಕವಾಯತು ಮುಗಿದ ಮೇಲೆ ಹೆಂಗಸರು ದೊಡ್ಡ ಹಂಡೆಯಲ್ಲಿ ಹಂದಿಮಾಂಸ ಹಾಕಿದ ಬಟಾಣಿ ಸಾರು ಬಡಿಸುವರು. ಊರ ದಳಕ್ಕೆ ಪ್ರೀದಿಕ್ ಮುಖ್ಯಸ್ಥ. ಹೊಸಬರಿಗೆ ಪ್ರತಿಜ್ಞೆ ಓದಿ ಹೇಳುವವನೂ ಅವನೇ. ತಮ್ಮನಿಗೂ ಅವನೇ ಓದಿ ಹೇಳಿದ್ದ, ತೀಮುಸ್ ಬಂದೂಕಿನ ಮೇಲೆ ಕೈಯಿಟ್ಟು ಅದನ್ನು ಪುನರುಚ್ಚರಿಸಿದ್ದ.

ಬಂದೂಕುಗಳ ಮೇಲೆ ಸರಕಾರದ ನಂಬರು ಇದ್ದೇ ಇತ್ತು. ಆದರೆ ಸಾರು ಕುಡಿದು ಹೊರಗೆ ಬಂದಾಗ ಗೋಡೆಗೆ ಒರಗಿಸಿದ್ದರಲ್ಲಿ ತನ್ನದು ಯಾವುದೆಂದು ನಂಬರು ಓದಿ ತಿಳಿಯುವ ಅಭ್ಯಾಸ ಆ ಊರಿನವರಿಗಿರಲಿಲ್ಲ. ಒಂದು ಚಳಿಗಾಲ ಎಲ್ಲರೂ ಬಂದೂಕಿನ ಮರದ ಹಿಡಿಯ ಮೇಲೆ ತಂತಮ್ಮ ಮನೆಗುರುತು ಕೊರೆದುಕೊಂಡರು. ಪಟ್ಟಣದಿಂದ ಬಂದ ಅಧಿಕಾರಿ ಅದನ್ನು ಕಂಡು ತಲೆ ಚಚ್ಚಿಕೊಂಡ. ಸೆಪಾ ಮನೆಯ ಮುದಿ ಕಮ್ಮಾರ ಮಾದಿಸ್ ಅವನಿಗೆ ಸಮಾಧಾನ ಹೇಳಿದ: “ಸರಕಾರದ್ದು ಅಂತ ತಿಳಿಯೋಕೆ ನಂಬರಿದೆಯಲ್ಲ ಸ್ವಾಮಿ. ನಮ್ಮದು ಅಂತಲೂ ಅದಕ್ಕೆ ಗೊತ್ತಾಗಲಿ ಬಿಡಿ.”

ಹೀಗಿರಲು, ಹಿಂದಿನ ಶರತ್ಕಾಲದಿಂದ ದ್ವೀಪದ ತುದಿಯ ಭೂಶಿರದಲ್ಲಿ ಬೀಡುಬಿಟ್ಟಿದ್ದ ರಷ್ಯನ್ ಸೈನಿಕರ ಲಾರಿಗಳು ಜೂನ್ ತಿಂಗಳಲ್ಲಿ ಒಮ್ಮೆಗೇ ಹೆಚ್ಚಿದವು. ಕಡಲಾಚೆ ದೇಶದ ಒಳನಾಡಿನಲ್ಲೂ ಹಾಗೇ ಅಂತೆ, ಗಡಿ ದಾಟಿ ಬಂದೇ ಬಿಟ್ಟರಂತೆ ಎಂಬ ಸುದ್ದಿ ಬಂತು. ಕದಕರಾನದ ಗಂಡಸರು ಬೂಟು ಕಟ್ಟಿಕೊಂಡು ಕಾದರು. ಗಂಟೆ ಬಡಿಯುವವನು ಗೋಪುರದ ಕೆಳಗೇ ರೊಟ್ಟಿ ತಿಂದ. ಪ್ರೀದಿಕ್ ಅಂಗಡಿಗೆ ಹೋಗಿ ಅಲ್ಲಿದ್ದ ಟೆಲಿಫೋನಿನಲ್ಲಿ ಪಟ್ಟಣದ ಕಚೇರಿಯನ್ನು ಹಿಡಿದ.

“ಗಂಟೆ ಹೊಡೀಲಾ?” ಎಂದು ಕೇಳಿದ.

“ಬೇಡ. ಬಂದೂಕು ಒಪ್ಪಿಸಬೇಕು ಅಂತ ಅಪ್ಪಣೆ ಆಗಿದೆ,” ಎಂದಿತು ಆ ಕಡೆಯ ದನಿ.

“ಯಾರಿಗೆ?”

“ಬಂದವರಿಗೆ.”

“ಯಾರು ಬರ್ತಾರೆ?”

ಆ ದನಿ, “ಪ್ರೀದಿಕ್, ನನ್ನ ಕೇಳಬೇಡ. ಚೊಕ್ಕವಾಗಿ ಮುಗಿಸಿಬಿಡು, ಅಷ್ಟೆ,” ಎಂದಿತು.

ಆ ಮನುಷ್ಯ ಹೇಳಿದ್ದು ಗಲಾಟೆಯಿಲ್ಲದೆ ಎಂಬ ಅರ್ಥದಲ್ಲಿ. ಪ್ರೀದಿಕ್ ಹಿಂದಿರುಗಿ ಬಂದು ಅದನ್ನು ಕೇಳಿದ ಹಾಗೆಯೇ ಹೇಳಿದ. ಊರವರು ತಮಗೆ ತಿಳಿದ ಹಾಗೆ ಅರ್ಥಮಾಡಿಕೊಂಡರು. ಮರುದಿನವಿಡೀ ಮನೆ ಮನೆಯ ಮೆಟ್ಟಿಲ ಮೇಲೆ ಗಂಡಸರು ಬಂದೂಕು ಬಿಚ್ಚಿಕೊಂಡು ಕುಳಿತರು. ನಳಿಗೆಗೆ ಬಟ್ಟೆ ಹಾಕಿ ಎಳೆದರು, ಮರಕ್ಕೆ ಎಣ್ಣೆ ತಿಕ್ಕಿದರು, ಗುರುತಿನ ಗೆರೆಗಳಲ್ಲಿ ಕೂತಿದ್ದ ಕೊಳೆಯನ್ನು ಸೂಜಿಯಿಂದ ಕೆರೆದು ತೆಗೆದರು. ಕಳ್ಳನಿಗೆ ಒಪ್ಪಿಸುವಾಗಲೂ ಪಾತ್ರೆ ಬೆಳಗಿಯೇ ಕೊಡುವವರ ಹಾಗಿದ್ದರು ಎಂದು ಸೆಪಾ ಮನೆಯವರು ಈ ಭಾಗವನ್ನು ಹೇಳುವಾಗ ನಗಿಸಲು ನೋಡುತ್ತಾರೆ. ಕೇಳುವವರು ನಗುವುದಿಲ್ಲ.

ಒಪ್ಪಿಸುವ ದಿನ ಹೆಂಗಸರು ಸಾರು ಬೇಯಿಸಿದರು. ಪ್ರೀದಿಕನ ಹೆಂಡತಿ ಲೇನು ಹಂಡೆಯ ಮುಂದೆ ಸೌಟು ಹಿಡಿದು ನಿಂತಿದ್ದವಳು, “ಸಂಘ ಕೂಡಿದ ಮೇಲೆ ಸಾರಿಲ್ಲದೆ ಕಳಿಸೋದು ಹೇಗೆ?” ಎಂದಳು. ಲಾರಿಯಿಂದ ಇಳಿದ ಪರದೇಶದ ಸೈನಿಕರಿಗೂ ಬಡಿಸಿದಳು. ಅವರು ತೀರ ಹರೆಯದವರು. ತಟ್ಟೆ ಕೆರೆದು ತಿಂದರು.

ಅವರೊಡನೆ ಬಂದ ದುಭಾಷಿಯ ಹೆಸರು ಕ್ರೀಸ. ನಮ್ಮದೇ ಜನ, ಆದರೆ ಒಳನಾಡಿನವನು. ಸಮುದ್ರವನ್ನು ನೋಡುವಾಗಲೆಲ್ಲ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಅವನು ಮೇಜಿನ ಮೇಲೆ ಸಾಲಾಗಿ ಮಲಗಿಸಿದ್ದ ಬಂದೂಕುಗಳಲ್ಲಿ ಒಂದನ್ನು ತಿರುಗಿಸಿ ನೋಡಿ, “ಇದೇನು ಗೀರು?” ಎಂದ.

ಗುರುತಿನ ಬಗ್ಗೆ ಯಾರಾದರೂ ಕೇಳುವುದನ್ನೇ ಕಾಯುತ್ತಿದ್ದವನು ಮಾದಿಸ್. “ಗೀರಲ್ಲ ಸ್ವಾಮಿ, ಗುರುತು. ಈ ಸುತ್ತಿಗೆ ನಮ್ಮ ಮನೇದು. ಈ ಗಾಳ ಆಚೆ ಮನೆಯವರದು. ಇದು ತೋಮಾದವರ ಕಾಗೆಕಾಲು. ಕಣ್ಣು ಕಟ್ಟಿ ಬಿಟ್ಟರೂ ಬೆರಳಲ್ಲಿ ಮುಟ್ಟಿ ಯಾರದು ಅಂತ ಹೇಳ್ತೀನಿ, ಬೇಕಾದರೆ ನೋಡಿ.”

“ಹಾಗಾದರೆ ಕಳ್ಳತನವೇ ಇಲ್ಲ ಇಲ್ಲಿ,” ಎಂದ ಕ್ರೀಸ.

“ಯಾವ ದಡಕ್ಕೆ ಬಿದ್ದರೂ ಸರಿ, ಯಾರದು ಅಂತ ಅದೇ ಬಾಯಿಬಿಟ್ಟು ಹೇಳುತ್ತೆ,” ಎಂದು ಮಾದಿಸ್ ಎದೆಯುಬ್ಬಿಸಿದ.

ಆಗ ಕ್ರೀಸ ಎಣಿಸಿದ. ಪಟ್ಟಣದಿಂದ ತಂದ ಚೀಟಿಯಲ್ಲಿ ಊರಿಗೆ ಇಷ್ಟು ಬಂದೂಕು ಎಂಬ ಲೆಕ್ಕವಷ್ಟೇ ಇತ್ತು, ಹೆಸರಿರಲಿಲ್ಲ; ಆ ಲೆಕ್ಕಕ್ಕೆ ಒಂದು ಕಡಿಮೆ ಬಂತು. ಮತ್ತೊಮ್ಮೆ ಎಣಿಸಿದ.

ಪ್ರೀದಿಕ್ ತಮ್ಮನ ಕಡೆ ನೋಡಲಿಲ್ಲ. ನೋಡದೆಯೇ ಅವನಿಗೆ ಗೊತ್ತಿತ್ತು: ತೀಮುಸ್ ಗೋಡೆಯ ಬಳಿ ಸಾರಿನ ತಟ್ಟೆ ಹಿಡಿದು, ಬೇರೆಯವರ ಮನೆಯ ಮದುವೆಗೆ ಬಂದವನಂತೆ ನಿಂತಿದ್ದ. ಬೆಳಿಗ್ಗೆ ಬರಿಗೈಯಲ್ಲಿ ಬಂದಿದ್ದ. ಅಂಗಳದಲ್ಲಿದ್ದ ಎಲ್ಲರೂ ಅದನ್ನು ಕಂಡಿದ್ದರು.

“ನಾನು ಇಲ್ಲಿಯ ಮುಖ್ಯಸ್ಥ,” ಎಂದ ಪ್ರೀದಿಕ್. “ಒಂದು ಹೋಯಿತು. ವಸಂತದಲ್ಲಿ ಸೀಲ್ ಬೇಟೆಗೆ ಹೋದಾಗ ಮಂಜುಗಡ್ಡೆ ಬಿರಿದು ನೀರಿಗೆ ಬಿತ್ತು.”

“ಯಾರ ಕೈಯಿಂದ?”

“ನನ್ನ ಹೊಣೆಯಲ್ಲಿದ್ದದ್ದು.”

ಕ್ರೀಸ ಮಾದಿಸ್‌ನತ್ತ ತಿರುಗಿ, “ನೀರಿಗೆ ಬಿದ್ದದ್ದರ ಮೇಲೆ ಯಾವ ಗುರುತಿತ್ತು ಯಜಮಾನರೇ?” ಎಂದ.

ಮಾದಿಸ್ ಬಾಯಿ ತೆರೆದು ಹಾಗೆಯೇ ಮುಚ್ಚಿಕೊಂಡ. ಅವನ ಜೀವಮಾನದಲ್ಲಿ ಯಾರೂ ಅವನನ್ನು ಹಾಗೆ ಕಂಡಿರಲಿಲ್ಲ.

“ಇರಲಿ ಬಿಡಿ,” ಎಂದು ಕ್ರೀಸ ಟೋಪಿ ಹಾಕಿಕೊಂಡ. “ಎಂದಾದರೂ ದಡಕ್ಕೆ ಬರುತ್ತೆ. ಬಂದಾಗ ಅದೇ ಹೇಳುತ್ತಲ್ಲ. ಅದರ ಮೇಲೆ ಯಾರ ಗುರುತಿದೆಯೋ ಅವರನ್ನ ಕರೆದುಕೊಂಡು ಹೋಗ್ತೀವಿ.”

ಲಾರಿ ಹೋಯಿತು. ಮಾದಿಸ್ ತನ್ನ ತಟ್ಟೆಯನ್ನು ಹಂಡೆಯ ಪಕ್ಕದಲ್ಲಿ ಮಗುಚಿಟ್ಟು ಮನೆಗೆ ನಡೆದ.

ಪ್ರೀದಿಕ್ ತಮ್ಮನನ್ನು ದೋಣಿಯ ಬಳಿ ಹಿಡಿದ. ತೀಮುಸ್ ಬಲೆ ಕೊಡವುತ್ತಿದ್ದ.

“ಎಲ್ಲಿಟ್ಟಿದ್ದೀಯ?”

“ನೀನೇ ಹೇಳಿದೆಯಲ್ಲ ಅಣ್ಣ. ಸಮುದ್ರದಲ್ಲಿ.”

“ತೀಮುಸ್, ತಂದುಕೊಡು. ಬಲೆಗೆ ಸಿಕ್ಕಿತು ಅಂತ ನಾನೇ ಹೋಗಿ ಕೊಟ್ಟು ಬರ್ತೀನಿ.”

“ಎಣ್ಣೆ ಹಚ್ಚಿ ಕೊಡ್ತೀಯಾ?”

ಪ್ರೀದಿಕನಿಗೆ ಆ ಮಾತು ನಾಟಿತು. “ಒಂದು ಬಂದೂಕಿಟ್ಟುಕೊಂಡು ಏನು ಮಾಡ್ತೀಯೋ?”

“ಏನೂ ಮಾಡಲ್ಲ. ನನಗೇನು ಬುದ್ಧಿ ಇಲ್ವಾ, ಒಬ್ಬನೇ ಹೋಗಿ ಲಾರಿಗೆ ಹೊಡೀತೀನಾ?” ತೀಮುಸ್ ಬಲೆಯನ್ನು ಕೆಳಗಿಟ್ಟ. “ಪ್ರತಿಜ್ಞೆ ಓದಿಸಿದವನು ನೀನು. ಕೈಯಿಡು ಅಂದೆ, ಇಟ್ಟೆ. ಹೇಳು ಅಂದೆ, ಹೇಳಿದೆ. ಈಗ ಕೈ ತೆಗಿ ಅಂತ ಇನ್ಯಾರೋ ಫೋನಲ್ಲಿ ಹೇಳಿದರೆ ಆಗೋಯ್ತಾ? ಅದಕ್ಕೂ ಒಂದು ಓದಿಸೋದು ಇದೆಯಾ ನಿನ್ನ ಹತ್ತಿರ? ಇದ್ದರೆ ಓದು, ಹೇಳ್ತೀನಿ.”

ಪ್ರೀದಿಕನ ಬಳಿ ಅಂಥದ್ದೇನೂ ಇರಲಿಲ್ಲ. ಸಿಟ್ಟು ಮಾಡಲು ನೋಡಿದ, ಸಿಟ್ಟು ಬರಲಿಲ್ಲ. ಬೇಡಿಕೊಳ್ಳಲು ನೋಡಿದ, ಚಿಕ್ಕಂದಿನಿಂದ ತಾನೇ ಕೈಹಿಡಿದು ನಡೆಸಿದ ತಮ್ಮನನ್ನು ಬೇಡಿಕೊಳ್ಳುವ ಮಾತು ಬಾಯಿಗೆ ಸಿಕ್ಕಲಿಲ್ಲ. ಮುಂದಿನ ದಿನಗಳಲ್ಲಿ ಅವನು ತಮ್ಮನಿಗೆ ತಿಳಿಯದಂತೆ ಹುಡುಕಿದ. ಹುಲ್ಲು ತುಂಬಿಡುವ ಮನೆ ನೋಡಿದ, ಹಬೆಸ್ನಾನದ ಕೋಣೆಯ ಹಲಗೆ ಎತ್ತಿದ, ಜುನಿಪರ್ ಪೊದೆಗಳಲ್ಲಿ ಮೈ ತರಚಿಕೊಂಡ. ಸಿಕ್ಕಿದ್ದರೆ ನಿಜವಾಗಿಯೂ ಸಮುದ್ರಕ್ಕೆ ಎಸೆದುಬಿಡುತ್ತಿದ್ದ. ಸಿಕ್ಕಲಿಲ್ಲ. ಅದು ಸಿಕ್ಕದೆ ಉಳಿಯುವುದಿಲ್ಲವೆಂಬುದೂ ಅವನಿಗೆ ಗೊತ್ತಿತ್ತು; ಸೈನಿಕರು ದಿನಕ್ಕೊಂದು ದೋಣಿಮನೆಯನ್ನು ಕಿತ್ತು ಹಲಗೆಗಳನ್ನು ಭೂಶಿರಕ್ಕೆ ಸಾಗಿಸುತ್ತಿದ್ದರು.

ಗೆರೆ ಎಳೆದವನು ತಾನು. ಆ ಗೆರೆಯನ್ನು ತೆಗೆಯಲು ಬಂದೂಕೇ ಕೈಯಲ್ಲಿಲ್ಲ. ಇದ್ದಿದ್ದರೂ ಕೊರೆದ ಗೆರೆ ಹೋಗುವಂಥದ್ದಲ್ಲ. ಹೆರೆದರೆ ಹೆರೆದದ್ದು ಕಾಣುತ್ತದೆ. ಎಷ್ಟು ಬೇಕಾದರೂ ಸೇರಿಸಬಹುದು, ಒಂದನ್ನೂ ಕಳೆಯಲಾಗದು: ಗುರುತಿನ ಸ್ವಭಾವವೇ ಅದು. ಈ ಮಾತನ್ನು ಹಲವು ಸಲ ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದಾಗ ಪ್ರೀದಿಕನಿಗೆ ದಾರಿಯೊಂದು ಹೊಳೆಯಿತು. ಕಳೆಯಲಾಗದಿದ್ದರೆ ಸೇರಿಸೋಣ. ತನ್ನ ಮನೆಯ ಎಲ್ಲದರ ಮೇಲೂ ಒಂದು ಅಡ್ಡಗೆರೆ ಎಳೆದರೆ, ಒಂಟಿಗೆರೆಯ ಕಾಗೆಕಾಲು ತನ್ನದಾಗುತ್ತದೆ. ತಮ್ಮನದರ ಮೇಲೆ ಎರಡನೆಯದನ್ನು ಎಳೆದರೆ, ಅವನ ಗುರುತು ಬೇರೆಯಾಗುತ್ತದೆ. ಬಂದೂಕು ಸಿಕ್ಕ ದಿನ ಅದು ತನ್ನ ಬಾಗಿಲಿಗೇ ಬರುತ್ತದೆ. ಒಪ್ಪಿಸಿದ ಬರಿ ಕಾಗೆಕಾಲಿನ ಬಂದೂಕು ಪಟ್ಟಣದ ಯಾವುದೋ ಉಗ್ರಾಣ ಸೇರಿತ್ತು; ಮಾದಿಸ್ ಅದನ್ನು ತೋಮಾದವರದು ಎಂದಿದ್ದನೇ ಹೊರತು ಯಾವ ತೋಮಾದವನದು ಎಂದಿರಲಿಲ್ಲ, ಅದು ತಮ್ಮನದೆಂದು ಹೇಳಿಬಿಡಬಹುದಿತ್ತು. ಅಷ್ಟು ಗೀರುಗಳ ನಡುವೆ ಒಂದರ ಕೆಳಗೆ ಅಡ್ಡಗೆರೆ ಇತ್ತೇ, ಇದ್ದರೆ ಎಷ್ಟಿತ್ತು ಎಂದು ಒಳನಾಡಿನವನಿಗೆ ನೆನಪಿರಲಾರದು.

ಭಾನುವಾರ ಊರೆಲ್ಲ ಇಗರ್ಜಿಗೆ ಹೋದಾಗ ಪ್ರೀದಿಕ್ ಹೋಗಲಿಲ್ಲ. ಭಾನುವಾರ ಚೂರಿ ಹಿಡಿಯುವುದು ಅಲ್ಲಿ ನಿಷಿದ್ಧ. ಅವನು ಕಲ್ಲುಬೇಲಿ ದಾಟಿ ಮೊದಲು ತಮ್ಮನ ಮನೆಗೆ ಹೋದ. ಹಿಟ್ಟು ನಾದುತ್ತಿದ್ದ ವೀಯು ಚೂರಿಯನ್ನು ಕಂಡು ಕೈ ನಿಲ್ಲಿಸಿದಳು.

“ಅವರಿಲ್ಲ ಭಾವ. ಇಗರ್ಜಿಗೆ ಹೋದರು.”

“ಗೊತ್ತು. ಹುಟ್ಟುಗಳನ್ನ ಹೊರಗೆ ತಾ. ಏಣಿ, ಬಕೆಟ್ಟು, ಬೆಂಡುಗಳು, ಗುರುತಿರೋದು ಏನೇನಿದೆಯೋ ಎಲ್ಲ.”

ಅವನು ಕೆಲವೇ ಮಾತಿನಲ್ಲಿ ವಿವರಿಸಿದ. ವೀಯು ಬಾಗಿಲ ಚೌಕಟ್ಟಿಗೆ ಒರಗಿ ಕೇಳಿದಳು.

“ನಿಮ್ಮನ್ನ ಕರೆದುಕೊಂಡು ಹೋದರೆ ಲೇನು ಅಕ್ಕ ಏನು ಮಾಡ್ತಾರೆ?” ಎಂದಳು ಕೊನೆಗೆ.

ಪ್ರೀದಿಕ್ ಚೂರಿಯ ಅಲಗನ್ನು ಹೆಬ್ಬೆರಳಿನಿಂದ ಸವರಿ ನೋಡಿದ. ವೀಯು ಹಿಟ್ಟಿನ ಕೈಯನ್ನು ಒರೆಸಿಕೊಂಡು ಒಳಗೆ ಹೋಗಿ, ಮದುವೆಗೆ ಬಂದಿದ್ದ ಬಿಯರಿನ ಪಾತ್ರೆಯನ್ನು ಮೊದಲು ತಂದಿಟ್ಟಳು. ಬೇಡವೆಂದು ಹೇಳುವ ಶಕ್ತಿ ತನಗೆ ಇರಬೇಕಿತ್ತು ಎಂದು ಅವಳು ಮುದುಕಿಯಾದ ಮೇಲೂ ಹೇಳುತ್ತಿದ್ದಳಂತೆ.

ಅಲ್ಲಿ ಮುಗಿಸಿ ಅವನು ತನ್ನ ಅಂಗಳಕ್ಕೆ ಬಂದ. ಅಪ್ಪ ಕೊರೆದದ್ದು, ಅಜ್ಜ ಕೊರೆದದ್ದು, ಯಾರು ಕೊರೆದರೆಂದು ಯಾರಿಗೂ ತಿಳಿಯದ ಹಳೆಯ ಪೆಟ್ಟಿಗೆಯ ಮೇಲಿನದು, ಎಲ್ಲ ಕಾಗೆಕಾಲುಗಳ ಕೆಳಗೂ ಗೆರೆ ಎಳೆಯುತ್ತ ಹೋದ. ಬೂದುಬಣ್ಣಕ್ಕೆ ತಿರುಗಿದ್ದ ಮರದೊಳಗಿಂದ ಹೊಸ ಗೆರೆ ಬೆಳ್ಳಗೆ ಎದ್ದು ಕಾಣುತ್ತಿತ್ತು. ದೋಣಿಗೆ ಬಳಿಯುವ ಡಾಂಬರಿಗೆ ಮಸಿ ಕಲಸಿ ಬೆರಳಿನಿಂದ ಒಂದೊಂದಕ್ಕೂ ಒತ್ತಿದ.

ಲೇನು ಇಗರ್ಜಿಯಿಂದ ಹಿಂದಿರುಗಿದಾಗ ಅವನು ಬಾಗಿಲ ಹೊಸ್ತಿಲ ಮುಂದೆ ಮಂಡಿಯೂರಿ ಕುಳಿತಿದ್ದ.

“ಭಾನುವಾರ ಚೂರಿ ಹಿಡಿದಿದ್ದೀಯ,” ಎಂದಳು.

ಅವನು ತಲೆ ಎತ್ತಲಿಲ್ಲ. ಅವಳು ಹುಟ್ಟುಗಳನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ಬೇಲಿಯಾಚೆಯ ಮನೆಯನ್ನು ನೋಡಿದಳು. ಇಗರ್ಜಿಯ ಶಾಲನ್ನು ತೆಗೆಯದೆಯೇ ಕೊಟ್ಟಿಗೆಗೆ ಹೋಗಿ ಹಾಲಿನ ಬಕೆಟ್ಟನ್ನು ತಂದು ಅವನ ಪಕ್ಕದಲ್ಲಿಟ್ಟಳು.

“ಇದೊಂದು ಬಿಟ್ಟಿದ್ದೀಯ.”

ಸಂಜೆ ತೀಮುಸ್ ಬೇಲಿಯ ಮೇಲೆ ಮೊಣಕೈ ಊರಿ ನಿಂತ. “ಅಣ್ಣ, ನನ್ನ ಹುಟ್ಟಿನ ಮೇಲೆ ಎರಡು ಗೆರೆ ಹುಟ್ಟಿದೆ,” ಎಂದ. “ಎರಡು ಗೆರೆ ಅಂದರೆ ಕಿರಿಯನ ಕಿರಿಯ. ಮಗ ಹುಟ್ಟೋಕೆ ಮುಂಚೆ ನಾನೇ ನನ್ನ ಮಗ ಆಗಿಬಿಟ್ಟೆನಲ್ಲೋ.”

“ಆಗು. ಸುಮ್ಮನೆ ಆಗು,” ಎಂದ ಪ್ರೀದಿಕ್.

“ನೀನು ನಾನಾದೆಯಾ ಹಾಗಾದರೆ?”

“ತೀಮುಸ್, ಒಂದು ಸಲ ನನ್ನ ಮಾತು ಕೇಳು. ಅವರು ಬಂದಾಗ ನೀನು ಬಾಯಿಬಿಡಬೇಡ. ಅಪ್ಪ ಇದ್ದಿದ್ದರೆ ಅಪ್ಪ ಹೇಳ್ತಿದ್ದ, ಅವನಿಲ್ಲ ಅಂತ ನಾನು ಹೇಳ್ತಿದ್ದೀನಿ.”

ತೀಮುಸ್ ಏನೋ ತಮಾಷೆ ಹೇಳಲು ಹೊರಟವನು ಅಣ್ಣನ ಕೈಬೆರಳುಗಳನ್ನು ಕಂಡು ಸುಮ್ಮನಾದ. ಹತ್ತೂ ಬೆರಳು ಡಾಂಬರಿನಿಂದ ಕಪ್ಪಾಗಿದ್ದವು. ಬಾಯಿಬಿಡುವುದಿಲ್ಲವೆಂದು ಮಾತು ಕೊಡದೆಯೇ ಮನೆಗೆ ಹೋದ.

ಬಂದೂಕು ಸಿಕ್ಕಿದ್ದು ಆ ವಾರದಲ್ಲೇ, ದಡದ ಮೇಲಿನ ಹಳೆಯ ಬಲೆಮನೆಯಲ್ಲಿ. ಅದು ಅಪ್ಪ ಕಟ್ಟಿದ ಬಲೆಮನೆ, ಇಬ್ಬರು ಮಕ್ಕಳಿಗೂ ಸೇರಿದ್ದು. ಸೈನಿಕರು ಹಲಗೆಗಾಗಿ ಅದರ ಮಾಡು ಕಿತ್ತಾಗ ಜೊಂಡಿನ ಹೊದಿಕೆಯ ನಡುವಿನಿಂದ ಕುರಿಚರ್ಮ ಸುತ್ತಿದ ಕಟ್ಟೊಂದು ಜಾರಿ ಬಿತ್ತು. ಪ್ರೀದಿಕ್ ಆ ಬಲೆಮನೆಯ ನೆಲವನ್ನು ಅಗೆದು ನೋಡಿದ್ದ. ಅಪ್ಪ ಹೊದಿಸಿದ ಜೊಂಡಿಗೆ ಕೈ ಹಾಕಲು ಮನಸ್ಸಾಗಿರಲಿಲ್ಲ.

ಕ್ರೀಸ ಇಬ್ಬರು ಸೈನಿಕರೊಂದಿಗೆ ತೋಮಾ ಮನೆಯ ಅಂಗಳಕ್ಕೆ ಬಂದ. ಹಿಂದೆಯೇ ಮಾದಿಸ್‌ನನ್ನು ಕರೆತಂದಿದ್ದರು. ಮುದುಕ ಅಷ್ಟು ದಿನಗಳಲ್ಲೇ ಕುಗ್ಗಿಹೋಗಿದ್ದ. ಕ್ರೀಸ ಬಂದೂಕಿನ ಹಿಡಿಯನ್ನು ತಿರುಗಿಸಿ, “ಕಾಗೆಕಾಲು, ಕೆಳಗೊಂದು ಗೆರೆ. ಯಾರದು ಯಜಮಾನರೇ?” ಎಂದ.

ಮಾದಿಸ್ ಅಂಗಳದಲ್ಲಿ ಒರಗಿಸಿದ್ದ ಹುಟ್ಟುಗಳನ್ನು ನೋಡಿದ. ನೋಡಿದೊಡನೆ ಅವನಿಗೆ ಎಲ್ಲವೂ ತಿಳಿಯಿತು.

“ಕಣ್ಣು ಮಂಜಾಗಿದೆ ಸ್ವಾಮಿ,” ಎಂದ. “ನನಗೆ ಗುರುತು ತಿಳಿಯೋದಿಲ್ಲ.”

“ಮುಟ್ಟಿ ಹೇಳ್ತೀನಿ ಅಂದಿದ್ದಿರಿ.”

“ಬೆರಳೂ ಸತ್ತಿದೆ.”

“ನನ್ನದು,” ಎಂದು ಪ್ರೀದಿಕ್ ಮುಂದೆ ಬಂದ. ಒಂದು ಹುಟ್ಟನ್ನು ಎತ್ತಿ ಬುಡವನ್ನು ತೋರಿಸಿದ. “ಒಂದು ಗೆರೆ. ಬಾಗಿಲು ನೋಡಿ, ಪೆಟ್ಟಿಗೆ ನೋಡಿ. ತಮ್ಮನ ಮನೇದಕ್ಕೆ ಎರಡು ಗೆರೆ, ಹೋಗಿ ನೋಡಿ ಬೇಕಾದರೆ. ನೀರಿಗೆ ಬಿತ್ತು ಅಂದದ್ದು ಸುಳ್ಳು. ನಾನೇ ಇಟ್ಟಿದ್ದೆ.”

ಕ್ರೀಸ ಹುಟ್ಟನ್ನು ತೆಗೆದುಕೊಂಡು ಗುರುತಿನ ಮೇಲೆ ಹೆಬ್ಬೆರಳು ಆಡಿಸಿದ. ಬೇಗ ಮುಗಿಸಿ ಹೋದರೆ ಸಾಕು ಎಂಬ ದಣಿವು ಅವನ ಮುಖದಲ್ಲಿತ್ತು. ತಲೆಯಾಡಿಸಲು ಹೊರಟವನು ತನ್ನ ಹೆಬ್ಬೆರಳನ್ನು ನೋಡಿಕೊಂಡ. ಅದಕ್ಕೆ ಡಾಂಬರು ಹತ್ತಿತ್ತು. ಅವನು ಏನೂ ಹೇಳದೆ ಅದನ್ನು ಹುಲ್ಲಿಗೆ ಒರೆಸಿದ.

ಅಷ್ಟರಲ್ಲಿ ತೀಮುಸ್ ಬೇಲಿ ಹಾರಿ ಬಂದ. ಹಿಂದೆ ವೀಯು ಓಡಿ ಬಂದವಳು ಬೇಲಿಯ ಬಳಿಯೇ ನಿಂತಳು.

“ಅದು ನನ್ನದು,” ಎಂದ ತೀಮುಸ್.

“ಅವನ ಮಾತು ಕೇಳಬೇಡಿ. ನನ್ನದು,” ಎಂದ ಪ್ರೀದಿಕ್.

“ನನ್ನ ಗುರುತಿರೋದು ನನ್ನದು ಅಣ್ಣ. ನೀನೇ ತಾನೆ ಕೊರೆದು ಕೊಟ್ಟದ್ದು? ಕೊಟ್ಟದ್ದನ್ನ ವಾಪಸ್ ತಗೋತಾರಾ?”

“ಕೊಟ್ಟಿಲ್ಲ. ನಿನಗೇನೂ ಕೊಟ್ಟಿಲ್ಲ ನಾನು. ಮನೆಗೆ ಹೋಗೋ.”

“ಎಲ್ಲರ ಮುಂದೆ ಕೊಟ್ಟೆ. ಮಾದಿಸ್ ಮಾಮ, ಕೊಟ್ಟನಾ ಇಲ್ವಾ? ನೀನೂ ಕುಡಿದೆಯಲ್ಲ ಅವತ್ತು ನಮ್ಮ ಮನೇಲಿ ಬಿಯರು.”

ಮಾದಿಸ್ ಕೈಯಿಂದ ಮುಖ ಮುಚ್ಚಿಕೊಂಡ. ಒಂದು ಹುಟ್ಟಿಗಾಗಿ ಜಗಳವಾಡುವವರಂತೆ ಇಬ್ಬರೂ ಬಂದೂಕಿನ ಆಚೀಚೆ ನಿಂತು ನನ್ನದು ನನ್ನದು ಎನ್ನುತ್ತಿದ್ದರು. ಮಾತು ತಿಳಿಯದ ಸೈನಿಕರಲ್ಲೊಬ್ಬನು ನಕ್ಕ. ಕ್ರೀಸ ನಗಲಿಲ್ಲ. ಅವನು ಬಾಗಿ ಬಂದೂಕಿನ ಮೇಲಿನ ಅಡ್ಡಗೆರೆಯನ್ನು ಅದೇ ಹೆಬ್ಬೆರಳಿನಿಂದ ಉಜ್ಜಿದ. ಬೆರಳಿಗೆ ಏನೂ ಹತ್ತಲಿಲ್ಲ; ಈ ಗೆರೆ ಹಳೆಯದು.

“ಲಾರಿಯಲ್ಲಿ ಇಬ್ಬರಿಗೂ ಜಾಗ ಇದೆ,” ಎಂದ, ಯಾರನ್ನೂ ನೋಡದೆ. “ಆದರೆ ಒಂದು ಬಂದೂಕಿಗೆ ಒಬ್ಬರು ಸಾಕು.”

ತೀಮುಸ್‌ನನ್ನು ಕರೆದುಕೊಂಡು ಹೋದರು. ಲೇನು ಒಳಗಿನಿಂದ ಕಪ್ಪು ರೊಟ್ಟಿ, ಉಪ್ಪುಮೀನು ಕಟ್ಟಿ ತರುವಷ್ಟರಲ್ಲಿ ಲಾರಿ ಜುನಿಪರ್ ಪೊದೆಗಳಾಚೆ ಮರೆಯಾಗಿತ್ತು. ಪ್ರೀದಿಕ್ ಅದರ ಹಿಂದೆ ಓಡಿದ. ಎಲ್ಲಿಯವರೆಗೆ ಓಡಿದನೆಂಬ ಬಗ್ಗೆ ಹೇಳುವವರಲ್ಲಿ ಒಮ್ಮತವಿಲ್ಲ. ಕೆಲವರು ಇಗರ್ಜಿಯವರೆಗೆ ಎನ್ನುತ್ತಾರೆ, ಕೆಲವರು ಪಟ್ಟಣದವರೆಗೂ ನಡೆದು ಹೋದ, ಅಲ್ಲಿ ಯಾವ ಬಾಗಿಲಲ್ಲಿ ಕೇಳಿದರೂ ಆ ಹೆಸರಿನವರು ಇಲ್ಲಿಲ್ಲ ಎಂದರು ಎನ್ನುತ್ತಾರೆ. ತೀಮುಸ್ ಎಲ್ಲಿಗೆ ಹೋದನೆಂದು ಕದಕರಾನಕ್ಕೆ ಎಂದೂ ತಿಳಿಯಲಿಲ್ಲ.

ಶರತ್ಕಾಲದ ಬಿರುಗಾಳಿಗಳು ಬಂದವು. ತೀಮುಸ್ ಕೊನೆಯ ಬಾರಿ ಬಿಟ್ಟು ಬಂದಿದ್ದ ಬಲೆಗಳನ್ನು ಎತ್ತುವವರಿರಲಿಲ್ಲ. ಕಡಲು ಅವನ್ನು ಹರಿದು ಬೆಂಡುಗಳನ್ನು ಒಂದೊಂದಾಗಿ ದಡಕ್ಕೆ ತಳ್ಳಿತು. ಆ ಭಾನುವಾರ ನೀರಿನಲ್ಲಿದ್ದ ಬೆಂಡುಗಳು ಅವು, ಎರಡನೆಯ ಗೆರೆ ಕಾಣದವು. ಅದೇ ಗಾಳಿಗೆ ಪ್ರೀದಿಕನ ಬಲೆಗಳೂ ಹರಿದವು. ಕಾಗೆಕಾಲು, ಕೆಳಗೊಂದು ಗೆರೆ: ಎಲ್ಲವೂ ಒಂದೇ. ಉಪ್ಪುನೀರು ಡಾಂಬರನ್ನು ತಿಂದುಹಾಕಿ, ಹಳೆಯ ಗೆರೆಯನ್ನೂ ಹೊಸ ಗೆರೆಯನ್ನೂ ಒಂದೇ ಬೂದುಬಣ್ಣಕ್ಕೆ ತಂದಿತ್ತು.

ಬೆಂಡು ಸಿಕ್ಕವರು ಗುರುತು ನೋಡಿ ನಡೆದು ಬಂದರು. ತೋಮಾ ಮನೆಯ ಬೇಲಿಯ ಬಳಿ ಬಂದು ನಿಂತರು. ಈ ಮನೆಗೋ ಆ ಮನೆಗೋ ಅವರಿಗೆ ತಿಳಿಯಲಿಲ್ಲ. ಕೂಗಿ ಕೇಳುವ ಪದ್ಧತಿ ಅಲ್ಲಿಲ್ಲ. ಎರಡೂ ಮನೆಗಳ ನಡುವಿನ ಕಲ್ಲುಬೇಲಿಯ ಮೇಲೆ ಇಟ್ಟು ಹೋದರು.

ಪ್ರೀದಿಕ್ ಬೆಳಿಗ್ಗೆ ಎದ್ದು ಅಲ್ಲಿಗೆ ಬರುತ್ತಿದ್ದ. ಒಂದೊಂದನ್ನೂ ಎತ್ತಿ ಗೆರೆಯ ಮೇಲೆ ಬೆರಳಾಡಿಸುತ್ತಿದ್ದ. ಮದುವೆಯ ದಿನ ಎಳೆದದ್ದು ಯಾವುದು, ಆ ಭಾನುವಾರ ಎಳೆದದ್ದು ಯಾವುದು ಎಂದು ಎರಡನ್ನೂ ಎಳೆದ ಕೈಗೇ ತಿಳಿಯುತ್ತಿರಲಿಲ್ಲ. ಬೇಲಿಯ ಆಚೆ ಬದಿಯಲ್ಲಿ ವೀಯು ಬುಟ್ಟಿ ಹಿಡಿದು ನಿಂತಿರುತ್ತಿದ್ದಳು.

“ಇದು ಅವರದಾ ಭಾವ?” ಎಂದು ಕೇಳುತ್ತಿದ್ದಳು.

ಅವನು ಬೆಂಡನ್ನು ತಿರುಗಿಸಿ ನೋಡುತ್ತಿದ್ದ. ಮತ್ತೆ ಕಲ್ಲಿನ ಮೇಲೆ, ಇದ್ದ ಜಾಗದಲ್ಲೇ ಇಡುತ್ತಿದ್ದ.